ಎರಡೇ ಗೋಲಿನ ನಾಯಕ: ಮಕೋಟೊ ಹಸೆಬೆ ಮೈದಾನದಲ್ಲಿ ಮಾಡುತ್ತಿದ್ದುದೇನು?

ಜಪಾನ್ ಪರ 114 ಪಂದ್ಯ. ಹೊಡೆದದ್ದು ಎರಡು ಗೋಲು. ಮಕೋಟೊ ಹಸೆಬೆ ಅವರ ಅಂತಾರಾಷ್ಟ್ರೀಯ ಲೆಕ್ಕ ಇಷ್ಟೇ. ಆದರೂ 2010, 2014, 2018ರ ಮೂರು ವಿಶ್ವಕಪ್‌ಗಳಲ್ಲಿ ಜಪಾನ್ ನಾಯಕ ಇವರೇ. ಜರ್ಮನಿಯ ಅಗ್ರ ಲೀಗ್ ಬುಂಡೆಸ್‌ಲಿಗಾದಲ್ಲಿ 16 ವರ್ಷಕ್ಕೂ ಜಾಸ್ತಿ ಆಡಿ, 40ನೇ ವಯಸ್ಸಿನಲ್ಲಿ ಬೂಟು ಬಿಚ್ಚಿಟ್ಟರು. ಅಲ್ಲಿ ಅವರು ಆಡಿದ 384 ಪಂದ್ಯಗಳು ಏಷ್ಯಾದ ಆಟಗಾರನೊಬ್ಬನ ದಾಖಲೆ.

ಜಪಾನಿನ ಮಿಡ್‌ಫೀಲ್ಡರ್ ಅಂದರೆ ಜನಕ್ಕೆ ಥಟ್ಟನೆ ನೆನಪಾಗುವ ಹೆಸರುಗಳು ಬೇರೆ. ಇಟಲಿಯಲ್ಲಿ ಮೆರೆದ ಹಿದೆತೊಶಿ ನಕಾತಾ. ಫ್ರೀ ಕಿಕ್‌ಗೆ ಹೆಸರಾದ ಶುನ್ಸುಕೆ ನಕಾಮುರಾ. ಜರ್ಮನಿಯ ಡಾರ್ಟ್‌ಮುಂಡ್‌ ಕ್ಲಬ್‌ನಲ್ಲಿ ಎರಡು ಸಲ ಲೀಗ್ ಗೆದ್ದ ಶಿಂಜಿ ಕಗಾವಾ. ಈ ಮೂವರ ಬಗ್ಗೆ ಬರೆಯುವುದು ಸುಲಭ, ಗೋಲು ತೋರಿಸಿದರೆ ಸಾಕು. ಹಸೆಬೆ ಬಗ್ಗೆ ಬರೆಯಬೇಕಾದರೆ ಆಟವನ್ನೇ ಬಿಚ್ಚಿ ತೋರಿಸಬೇಕಾಗುತ್ತದೆ. ನನಗೆ ಅವರು ಇಷ್ಟ ಆಗುವುದೂ ಅದಕ್ಕೇ.

ಅವರ ವೃತ್ತಿಜೀವನದ ವಿಚಿತ್ರ ಏನೆಂದರೆ, ಅವರು ಪ್ರತಿ ಕೆಲವು ವರ್ಷಕ್ಕೊಮ್ಮೆ ಮೈದಾನದಲ್ಲಿ ಒಂದೊಂದು ಹೆಜ್ಜೆ ಹಿಂದಕ್ಕೆ ಸರಿಯುತ್ತಾ ಹೋದರು. ಶುರುವಿನಲ್ಲಿ ಚೆಂಡು ಹಿಡಿದು ಮುಂದಕ್ಕೆ ನುಗ್ಗುವ ಹುಡುಗ. ಆಮೇಲೆ ನಡುವೆ ನಿಂತು ಕಾಯುವವರು. ಕೊನೆಗೆ ಡಿಫೆನ್ಸ್‌ನ ನಟ್ಟನಡುವೆ. ಪ್ರತಿ ಸಲವೂ ಅದು ಹಿಂಬಡ್ತಿಯ ಹಾಗೆ ಕಾಣುತ್ತಿತ್ತು. ಆದರೆ ಹಳೆಯ ಜಾಗದಲ್ಲಿ ಕಲಿತದ್ದು ಮುಂದಿನ ಜಾಗದಲ್ಲಿ ಕೆಲಸಕ್ಕೆ ಬರುತ್ತಾ ಹೋಯಿತು.

ಉರಾವಾದ ಹುಡುಗ

ಹಸೆಬೆ ಹುಟ್ಟಿದ್ದು 1984ರ ಜನವರಿ 18ರಂದು, ಷಿಜುವೊಕಾ ಪ್ರಾಂತ್ಯದ ಫುಜಿಯೆದಾ ಎಂಬ ಊರಿನಲ್ಲಿ. ಜಪಾನಿನಲ್ಲಿ ಫುಟ್‌ಬಾಲ್ ಹುಚ್ಚು ಜಾಸ್ತಿ ಇರುವ ಪ್ರಾಂತ್ಯ ಅದು. ಅವರು ಓದಿದ ಫುಜಿಯೆದಾ ಹಿಗಾಶಿ ಹೈಸ್ಕೂಲ್ ಕೂಡ ಫುಟ್‌ಬಾಲ್‌ಗೇ ಹೆಸರಾದ ಶಾಲೆ. ಅಲ್ಲಿ ಶಾಲಾ ಟೂರ್ನಿಗಳಿಗೆ ಇರುವ ಮರ್ಯಾದೆ ನಮಗೆ ಊಹಿಸುವುದು ಸ್ವಲ್ಪ ಕಷ್ಟ. ಟಿವಿಯಲ್ಲಿ ನೇರ ಪ್ರಸಾರ ಆಗುತ್ತದೆ, ವೃತ್ತಿಪರ ಕ್ಲಬ್‌ಗಳವರು ಬಂದು ಹುಡುಗರನ್ನು ನೋಡಿ ಆರಿಸುತ್ತಾರೆ.

2002ರಲ್ಲಿ ಅವರು ಸೈತಾಮಾದ ಉರಾವಾ ರೆಡ್ ಡೈಮಂಡ್ಸ್ ಸೇರಿದರು. ಜಪಾನಿನ ವೃತ್ತಿಪರ ಲೀಗ್ ಆದ ಜೆ ಲೀಗ್ ಶುರುವಾಗಿ ಆಗ ಇನ್ನೂ ಹತ್ತು ವರ್ಷ ಆಗಿರಲಿಲ್ಲ. 1993ಕ್ಕೆ ಮುಂಚೆ ಜಪಾನಿನ ದೊಡ್ಡ ತಂಡಗಳೆಲ್ಲ ಕಂಪನಿ ತಂಡಗಳು. ಉರಾವಾ ಕೂಡ ಮೂಲದಲ್ಲಿ ಮಿತ್ಸುಬಿಷಿ ಕಂಪನಿಯದೇ. ಲೀಗ್ ಬಂದ ಮೇಲೆ ಕಂಪನಿ ಹೆಸರು ಹೋಗಿ ಊರಿನ ಹೆಸರು ಬಂತು, ಊರಿನ ಜನ ಕ್ರೀಡಾಂಗಣ ತುಂಬಲು ಶುರುಮಾಡಿದರು. ಇವತ್ತಿಗೂ ಉರಾವಾ ಅಭಿಮಾನಿಗಳ ಅಬ್ಬರ ಜಪಾನಿನಲ್ಲಿ ಎಲ್ಲರಿಗೂ ಗೊತ್ತು.

ಅಲ್ಲಿ ಹಸೆಬೆ ಚೆಂಡು ಕಾಲಲ್ಲಿಟ್ಟುಕೊಂಡು ನಡುಮೈದಾನದಿಂದ ಓಡುವ ಆಟಗಾರ. ಇಬ್ಬರನ್ನು ದಾಟಿ, ಜಾಗ ಕಂಡರೆ ಇನ್ನೂ ಮುಂದೆ ಹೋಗಿ, ಸ್ಟ್ರೈಕರ್‌ಗೆ ಪಾಸ್ ಕೊಡುವವರು. 2004ರಲ್ಲಿ ಲೀಗಿನ ವರ್ಷದ ಹನ್ನೊಂದರ ಬಳಗಕ್ಕೆ ಆಯ್ಕೆಯಾದರು, ಆಗ ಅವರಿಗೆ 20 ವರ್ಷ. 2006ರಲ್ಲಿ ಉರಾವಾ ಮೊದಲ ಸಲ ಜೆ ಲೀಗ್ ಗೆದ್ದಿತು. 2007ರಲ್ಲಿ ಇರಾನಿನ ಸೆಪಹಾನ್ ತಂಡವನ್ನು ಫೈನಲ್‌ನಲ್ಲಿ ಸೋಲಿಸಿ ಏಷ್ಯಾದ ಚಾಂಪಿಯನ್ಸ್ ಲೀಗ್ ಗೆದ್ದಿತು. ಈ ವರ್ಷಗಳಲ್ಲಿ ಉರಾವಾದ ಕೋಚ್‌ಗಳು ಜರ್ಮನರು: ಮೊದಲು ಗುಯಿಡೊ ಬುಖ್‌ವಾಲ್ಡ್, ಆಮೇಲೆ ಹೋಲ್ಗರ್ ಓಸಿಯೆಕ್. ಮುಂದೆ ಜರ್ಮನಿಗೆ ಹೋದಾಗ ಅಲ್ಲಿನವರ ಕಟ್ಟುನಿಟ್ಟು ಅವರಿಗೆ ತೀರಾ ಹೊಸದಾಗಿರಲಿಲ್ಲ.

ಜರ್ಮನಿಯೇ ಯಾಕೆ?

ಇಲ್ಲಿ ಸ್ವಲ್ಪ ನಿಲ್ಲೋಣ. ಇವತ್ತು ಬುಂಡೆಸ್‌ಲಿಗಾದಲ್ಲಿ ಯಾವ ವಾರ ನೋಡಿದರೂ ಜಪಾನಿನ ಹುಡುಗರು ಕಾಣುತ್ತಾರೆ. ಇದಕ್ಕೆ ಆಟದ ಕಾರಣದ ಜತೆಗೆ ಕಾಗದಪತ್ರದ ಕಾರಣವೂ ಇದೆ.

ಯುರೋಪಿನ ಲೀಗ್‌ಗಳಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನ ಆಟಗಾರರಿಗೆ ಬೇರೆ ಬೇರೆ ನಿಯಮ ಇದೆ. ಸ್ಪೇನ್‌ನಲ್ಲಿ ಒಂದು ತಂಡಕ್ಕೆ ಇಂಥ ಮೂವರು ಮಾತ್ರ. ಇಂಗ್ಲೆಂಡ್‌ನಲ್ಲಿ ಕೆಲಸದ ಪರವಾನಗಿ ಸಿಗಬೇಕಾದರೆ ದೇಶದ ತಂಡಕ್ಕೆ ಎಷ್ಟು ಪಂದ್ಯ ಆಡಿದ್ದೀರಿ, ನಿಮ್ಮ ದೇಶದ ಶ್ರೇಯಾಂಕ ಎಷ್ಟು ಅಂತ ನೋಡುತ್ತಿದ್ದರು. ಮೂರೇ ಜಾಗ ಇದ್ದರೆ ಯಾವ ಕ್ಲಬ್ಬಾದರೂ ಬ್ರೆಜಿಲ್, ಅರ್ಜೆಂಟೀನಾ ಕಡೆಯೇ ನೋಡುತ್ತದೆ, ಅಲ್ವಾ? ಜರ್ಮನಿ 2006ರಿಂದ ಈ ಮಿತಿಯನ್ನು ತೆಗೆದುಹಾಕಿತು. ತಂಡದಲ್ಲಿ ಜರ್ಮನ್ ಆಟಗಾರರು ಇಂತಿಷ್ಟು ಇರಲೇಬೇಕು ಅನ್ನುವುದನ್ನು ಮಾತ್ರ ಉಳಿಸಿಕೊಂಡಿತು. ಹೀಗಾಗಿ ಕಡಿಮೆ ಬೆಲೆಗೆ ಸಿಗುವ, ಇನ್ನೂ ಹೆಸರು ಮಾಡದ ಜಪಾನಿ ಆಟಗಾರನನ್ನು ಕರೆಸಿ ನೋಡುವುದರಲ್ಲಿ ಅಪಾಯ ಕಡಿಮೆ ಆಯಿತು.

ದಾರಿ ಮೊದಲು ತೆರೆದವರು ಯಸುಹಿಕೊ ಒಕುದೆರಾ. 1977ರಲ್ಲಿ ಕಲೋನ್ ಕ್ಲಬ್ ಸೇರಿ, 1978ರಲ್ಲಿ ಅವರ ಜತೆ ಬುಂಡೆಸ್‌ಲಿಗಾ ಗೆದ್ದರು. ಆಮೇಲೆ ಮೂರು ದಶಕ ಆ ದಾರಿಯಲ್ಲಿ ಓಡಾಟ ಕಡಿಮೆ. 2008ರ ಜನವರಿಯಲ್ಲಿ ಹಸೆಬೆ ವೋಲ್ಫ್ಸ್‌ಬರ್ಗ್‌ಗೆ ಬಂದರು. 2010ರಲ್ಲಿ ಕಗಾವಾ ಮತ್ತು ಡಿಫೆಂಡರ್ ಅತ್ಸುತೊ ಉಚಿದಾ ಬಂದರು. ಅಲ್ಲಿಂದ ಮುಂದೆ ಸಾಲು ನಿಲ್ಲಲೇ ಇಲ್ಲ.

ವೋಲ್ಫ್ಸ್‌ಬರ್ಗ್: ಗೆಲುವು ಬಂತು, ಜಾಗ ಸಿಗಲಿಲ್ಲ

ವೋಲ್ಫ್ಸ್‌ಬರ್ಗ್ ಅಂದರೆ ಫೋಕ್ಸ್‌ವ್ಯಾಗನ್ ಕಾರಿನ ಊರು. ಊರು ಹುಟ್ಟಿದ್ದೇ ಕಾರ್ಖಾನೆಗಾಗಿ. ಆಗ ಅಲ್ಲಿ ಕೋಚ್ ಆಗಿದ್ದವರು ಫೆಲಿಕ್ಸ್ ಮಗಾತ್. ಆಟಗಾರರನ್ನು ಗುಡ್ಡ ಹತ್ತಿಸಿ, ಭಾರದ ಚೆಂಡು ಹೊರಿಸಿ ಸುಸ್ತು ಮಾಡುವುದಕ್ಕೆ ಮಗಾತ್ ಜರ್ಮನಿಯಲ್ಲೇ ಕುಖ್ಯಾತರು. 2008–09ರಲ್ಲಿ ಈ ತಂಡ ಯಾರೂ ನಿರೀಕ್ಷಿಸದೆ ಇದ್ದಾಗ ಲೀಗ್ ಗೆದ್ದಿತು. ಗ್ರಾಫಿತೆ 28 ಗೋಲು, ಎಡಿನ್ ಜೆಕೊ 26 ಗೋಲು. ಇವರಿಬ್ಬರ ಹಿಂದೆ ಮಿಸಿಮೊವಿಚ್ ಪಾಸ್ ಕೊಡುತ್ತಿದ್ದರು. ಹಸೆಬೆ 25 ಪಂದ್ಯ ಆಡಿದರು. ಒಕುದೆರಾ ನಂತರ ಬುಂಡೆಸ್‌ಲಿಗಾ ಗೆದ್ದ ಎರಡನೇ ಜಪಾನಿ ಅವರು.

ಆದರೆ ಮಗಾತ್ ಅವರನ್ನು ಆಡಿಸುತ್ತಿದ್ದದ್ದು ಹೆಚ್ಚಾಗಿ ಬಲಗಡೆಯಲ್ಲಿ. ಕೆಲವೊಮ್ಮೆ ಬಲ ಮಿಡ್‌ಫೀಲ್ಡ್, ಕೆಲವೊಮ್ಮೆ ಅದಕ್ಕೂ ಹಿಂದೆ ರೈಟ್ ಬ್ಯಾಕ್, ಅಂದರೆ ಬಲ ಅಂಚಿನ ಡಿಫೆಂಡರ್. ತಂಡದಲ್ಲಿ ಎಲ್ಲಿ ಖಾಲಿ ಇದೆಯೋ ಅಲ್ಲಿಗೆ ಹಸೆಬೆ. ಇದು ಕೋಚ್‌ಗೆ ಅನುಕೂಲ. ಆಟಗಾರನಿಗೆ ಮಾತ್ರ ಕಷ್ಟ, ಯಾಕೆಂದರೆ ಎಲ್ಲ ಜಾಗಕ್ಕೂ ಆಗುವವನಿಗೆ ಸ್ವಂತ ಜಾಗ ಅಂತ ಒಂದು ಇರುವುದಿಲ್ಲ.

ಇದರ ತುದಿ ಮುಟ್ಟಿದ್ದು 2011ರ ಸೆಪ್ಟೆಂಬರ್‌ನಲ್ಲಿ, ಹಾಫೆನ್‌ಹೈಮ್ ವಿರುದ್ಧ. ವೋಲ್ಫ್ಸ್‌ಬರ್ಗ್ ಆಗಲೇ ಮೂರೂ ಬದಲಿ ಆಟಗಾರರನ್ನು ಇಳಿಸಿಯಾಗಿತ್ತು. ಆಗ ಗೋಲ್‌ಕೀಪರ್ ಮಾರ್ವಿನ್ ಹಿಟ್ಜ್‌ಗೆ ರೆಡ್ ಕಾರ್ಡ್ ಬಿತ್ತು. ನಿಯಮದ ಪ್ರಕಾರ ಬದಲಿ ಆಟಗಾರರ ಲೆಕ್ಕ ಮುಗಿದಿದ್ದರೆ ಬೆಂಚಿನಲ್ಲಿರುವ ಕೀಪರ್ ಒಳಗೆ ಬರುವ ಹಾಗಿಲ್ಲ. ಮೈದಾನದಲ್ಲಿರುವವರಲ್ಲೇ ಒಬ್ಬರು ಗ್ಲೌಸ್ ಹಾಕಿಕೊಳ್ಳಬೇಕು. ಹಾಕಿಕೊಂಡವರು ಹಸೆಬೆ. ಜಪಾನ್ ತಂಡದ ನಾಯಕ ಜರ್ಮನಿಯಲ್ಲಿ ಕೀಪರ್ ಅಂಗಿ ತೊಟ್ಟು ನಿಂತರು! ಹಾಫೆನ್‌ಹೈಮ್‌ನ ರೊಬೆರ್ಟೊ ಫಿರ್ಮಿನೊ ಹಸೆಬೆಗೆ ಒಂದು ಗೋಲು ಹೊಡೆದರು, ವೋಲ್ಫ್ಸ್‌ಬರ್ಗ್ 1-3ಕ್ಕೆ ಸೋತಿತು.

2012–13ರ ಸೀಸನ್‌ನ ಶುರುವಿನ ವಾರಗಳಲ್ಲಂತೂ ಅವರಿಗೆ ಪಂದ್ಯವೇ ಸಿಗಲಿಲ್ಲ. ಆ ಅಕ್ಟೋಬರ್‌ನಲ್ಲಿ ಮಗಾತ್ ಹೋದ ಮೇಲೆ ಮತ್ತೆ ತಂಡಕ್ಕೆ ಬಂದರು. 2013ರಲ್ಲಿ, ನಡುವೆ ಆಡುವ ಅವಕಾಶ ಹುಡುಕಿಕೊಂಡು, ನ್ಯೂರೆಂಬರ್ಗ್ ಕ್ಲಬ್‌ಗೆ ಹೋದರು. ಅಲ್ಲಿ ಮೊಣಕಾಲಿಗೆ ಪೆಟ್ಟು, ಶಸ್ತ್ರಚಿಕಿತ್ಸೆ. ಆ ತಂಡ 2014ರಲ್ಲಿ ಎರಡನೇ ಡಿವಿಷನ್‌ಗೆ ಇಳಿಯಿತು. ಕ್ಲಬ್ ಲೆಕ್ಕದಲ್ಲಿ ಅದು ಅವರ ಅತಿ ಕೆಟ್ಟ ವರ್ಷ ಅಂತಲೇ ಹೇಳಬೇಕು.

ನಡುವೆ ನಿಂತವರ ಕೆಲಸ

ಈಗ ಜಪಾನ್ ತಂಡಕ್ಕೆ ಬರೋಣ. ಅವರ ಆಟ ಅರ್ಥ ಆಗಬೇಕಾದರೆ ಇದೇ ಮುಖ್ಯ.

ಫುಟ್‌ಬಾಲ್‌ನಲ್ಲಿ ಕೀಪರ್ ಬಿಟ್ಟರೆ ಹತ್ತು ಜನ. ಇವತ್ತಿನ ತುಂಬಾ ತಂಡಗಳು ಅವರಲ್ಲಿ ನಾಲ್ವರನ್ನು ಹಿಂದೆ ನಿಲ್ಲಿಸುತ್ತವೆ, ಅವರ ಮುಂದೆ ಇಬ್ಬರು ಮಿಡ್‌ಫೀಲ್ಡರ್. ಈ ಇಬ್ಬರದು ಜೋಡಿ ಕೆಲಸ. ಹಿಂದಿನ ನಾಲ್ವರಲ್ಲಿ ಎರಡೂ ಅಂಚಿನವರು ಈಗ ಸುಮ್ನೆ ಹಿಂದೆ ನಿಲ್ಲುವುದಿಲ್ಲ, ಎದುರಾಳಿ ಗೋಲ್ ತನಕ ಓಡುತ್ತಾರೆ. ಜಪಾನ್ ತಂಡದಲ್ಲಿ ಎಡಕ್ಕೆ ಯುತೊ ನಗಾತೊಮೊ, ಬಲಕ್ಕೆ ಅತ್ಸುತೊ ಉಚಿದಾ, ಇಬ್ಬರೂ ಇಂಥವರೇ. ಅವರು ಓಡಿಹೋದಾಗ ಹಿಂದೆ ದೊಡ್ಡ ಬಯಲು ಉಳಿಯುತ್ತದೆ. ಚೆಂಡು ಎದುರಾಳಿಗೆ ಸಿಕ್ಕಿತೋ, ಮೊದಲ ಪಾಸ್ ಬರುವುದು ಆ ಬಯಲಿಗೇ.

ಆ ಬಯಲು ಕಾಯಬೇಕಾದವರು ನಡುವಿನ ಇಬ್ಬರು. ಒಬ್ಬರು ಮುಂದೆ ಹೋದರೆ ಇನ್ನೊಬ್ಬರು ನಿಲ್ಲಬೇಕು. ಎಡಕ್ಕೆ ತೂತು ಬಿದ್ದರೆ ಎಡಕ್ಕೆ ವಾಲಬೇಕು, ಆದರೆ ನಡುವನ್ನು ಪೂರ್ತಿ ಬಿಡುವ ಹಾಗಿಲ್ಲ. ಜಪಾನಿಗೆ ಆ ಜೋಡಿಯಲ್ಲಿ ಒಬ್ಬರು ಯಸುಹಿತೊ ಎಂಡೊ. ದೇಶಕ್ಕೆ 152 ಪಂದ್ಯ ಆಡಿದವರು, ಪಾಸ್ ಮಾಡುವುದರಲ್ಲಿ ಅವರಷ್ಟು ನಿರಾಳ ಆಟಗಾರ ಆ ದೇಶದಲ್ಲಿ ಅಪರೂಪ. ಎಂಡೊ ನಿಧಾನವಾಗಿ ಚೆಂಡು ಹಂಚಬೇಕಾದರೆ, ಪಕ್ಕದಲ್ಲಿ ಯಾರೋ ಒಬ್ಬರು ಓಡಲೇಬೇಕಿತ್ತು. ಆ ಯಾರೋ ಒಬ್ಬರೇ ಹಸೆಬೆ.

ಈ ಕೆಲಸಕ್ಕೆ ಅಂಕಿ ಅಂಶ ಸರಿಯಾಗಿ ಹಿಡಿಯುವುದೇ ಇಲ್ಲ. ಟ್ಯಾಕಲ್, ಅಂದರೆ ಎದುರಾಳಿಯ ಕಾಲಿನಿಂದ ಚೆಂಡು ಕಸಿದದ್ದು ಎಷ್ಟು ಸಲ ಅಂತ ಎಣಿಸಬಹುದು. ಆದರೆ ನೀವು ಸರಿಯಾದ ಜಾಗದಲ್ಲಿ ಮೊದಲೇ ನಿಂತಿದ್ದರೆ ಎದುರಾಳಿ ಆ ಕಡೆ ಪಾಸ್ ಮಾಡುವುದೇ ಇಲ್ಲ. ಪಾಸೇ ಇಲ್ಲ ಅಂದಮೇಲೆ ಟ್ಯಾಕಲ್ ಎಲ್ಲಿಂದ ಬರಬೇಕು? ಚೆನ್ನಾಗಿ ಮಾಡಿದಷ್ಟೂ ಲೆಕ್ಕಕ್ಕೆ ಸಿಗದ ಕೆಲಸ ಇದು.

ನಾಯಕಪಟ್ಟ ಸಿಕ್ಕಿದ ಕಥೆಯೂ ಹಾಗೇ ವಿಚಿತ್ರ. 2010ರ ವಿಶ್ವಕಪ್‌ಗೆ ಕೆಲವೇ ದಿನ ಬಾಕಿ. ಜಪಾನ್ ಅಭ್ಯಾಸ ಪಂದ್ಯಗಳಲ್ಲಿ ಸರಣಿಯಾಗಿ ಸೋಲುತ್ತಿತ್ತು, ಕೋಚ್ ತಕೆಶಿ ಒಕಾದಾ ಅವರನ್ನು ಪತ್ರಿಕೆಗಳು ಹುರಿದು ಮುಕ್ಕುತ್ತಿದ್ದವು. ಒಕಾದಾ ಅನುಭವಿ ಯುಜಿ ನಕಾಜಾವಾ ಅವರ ತೋಳಿನಿಂದ ಪಟ್ಟಿ ತೆಗೆದು 26 ವರ್ಷದ ಹಸೆಬೆಗೆ ಕೊಟ್ಟರು. ತಂಡದಲ್ಲಿ ಅವರಿಗಿಂತ ಹಿರಿಯರು ಎಷ್ಟೋ ಜನ ಇದ್ದರು. ಜಪಾನಿನಲ್ಲಿ ಹಿರಿಯ-ಕಿರಿಯ ಅನ್ನುವುದು ಎಷ್ಟು ದೊಡ್ಡ ವಿಷಯ ಅಂತ ಗೊತ್ತಿರುವವರಿಗೆ ಈ ನಿರ್ಧಾರದ ತೂಕ ಗೊತ್ತಾಗುತ್ತದೆ.

ದಕ್ಷಿಣ ಆಫ್ರಿಕಾದಲ್ಲಿ ಆದದ್ದು ಯಾರೂ ಊಹಿಸಿರಲಿಲ್ಲ. ಕ್ಯಾಮರೂನ್ ವಿರುದ್ಧ 1-0 ಗೆಲುವು. ನೆದರ್‌ಲೆಂಡ್ಸ್ ಎದುರು 0-1 ಸೋಲು. ಡೆನ್ಮಾರ್ಕ್ ಮೇಲೆ 3-1. ನಾಕೌಟ್‌ನಲ್ಲಿ ಪರಾಗ್ವೆ ವಿರುದ್ಧ ಗೋಲಿಲ್ಲದೆ ಸಮವಾಗಿ, ಪೆನಾಲ್ಟಿಗಳಲ್ಲಿ ಹೊರಬಿದ್ದರು. ಮರುವರ್ಷ ಜನವರಿಯಲ್ಲಿ ಕತಾರ್‌ನಲ್ಲಿ ಏಷ್ಯಾ ಕಪ್ ಗೆದ್ದರು, ಕಪ್ ಎತ್ತಿದವರು ಹಸೆಬೆ. ಅವರ ಆ ಎರಡು ಗೋಲುಗಳಲ್ಲಿ ಒಂದು ಬಂದದ್ದು ಅದೇ ಟೂರ್ನಿಯಲ್ಲಿ, ಸಿರಿಯಾ ವಿರುದ್ಧ. ಅದಾಗಿ ಎರಡು ತಿಂಗಳಿಗೆ ಜಪಾನಿಗೆ ಸುನಾಮಿ ಅಪ್ಪಳಿಸಿತು. ಆ ವಸಂತದಲ್ಲೇ ಹೊರಬಂದ ಅವರ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. ಅದರ ಗೌರವಧನವನ್ನು ಅವರು ಯುನಿಸೆಫ್ ಮೂಲಕ ಸಂತ್ರಸ್ತರಿಗೆ ಕೊಟ್ಟರು.

2014ರ ಬ್ರೆಜಿಲ್ ವಿಶ್ವಕಪ್ ಬಗ್ಗೆ ಹೇಳಲು ಜಾಸ್ತಿ ಏನೂ ಇಲ್ಲ. ಒಂದೂ ಗೆಲ್ಲದೆ ವಾಪಸಾದರು.

ವೋಲ್ಗೊಗ್ರಾಡ್‌ನ ಕೊನೆಯ ನಿಮಿಷಗಳು

2018ರ ರಷ್ಯಾ ವಿಶ್ವಕಪ್‌ನ ಒಂದು ಪಂದ್ಯ ಮಾತ್ರ ವಿವರವಾಗಿ ಹೇಳಬೇಕು. ವೋಲ್ಗೊಗ್ರಾಡ್ ಊರಿನಲ್ಲಿ ಪೋಲೆಂಡ್ ವಿರುದ್ಧ ಗುಂಪಿನ ಕೊನೆಯ ಪಂದ್ಯ. ಅಲ್ಲಿಯ ತನಕ ಜಪಾನ್ ಕೊಲಂಬಿಯಾವನ್ನು 2-1ಕ್ಕೆ ಸೋಲಿಸಿ, ಸೆನೆಗಲ್ ಜತೆ 2-2 ಸಮ ಮಾಡಿಕೊಂಡಿತ್ತು. ಹಸೆಬೆಗೆ ಈ ಪಂದ್ಯದಲ್ಲಿ ವಿಶ್ರಾಂತಿ, ಬೆಂಚಿನಲ್ಲಿ ಕೂತಿದ್ದರು. ಜಪಾನ್ 0-1 ಹಿಂದೆ ಬಿತ್ತು. ಅದೇ ಹೊತ್ತಿಗೆ ಇನ್ನೊಂದು ಊರಿನಲ್ಲಿ ಕೊಲಂಬಿಯಾ ಸೆನೆಗಲ್ ವಿರುದ್ಧ ಒಂದು ಗೋಲು ಹೊಡೆಯಿತು.

ಈಗ ಲೆಕ್ಕ ನೋಡಿ. ಜಪಾನ್, ಸೆನೆಗಲ್ ಎರಡಕ್ಕೂ ನಾಲ್ಕು ಅಂಕ. ಗೋಲು ವ್ಯತ್ಯಾಸ ಸಮ. ಹೊಡೆದ ಗೋಲು ಸಮ. ಪರಸ್ಪರ ಆಡಿದ್ದೂ ಸಮ. ಹಾಗಾದಾಗ ಮುಂದಿನ ಅಳತೆಗೋಲು ಶಿಸ್ತು, ಅಂದರೆ ಯಾರಿಗೆ ಹಳದಿ ಕಾರ್ಡ್ ಕಡಿಮೆ ಅಂತ. ಜಪಾನಿಗೆ ನಾಲ್ಕು, ಸೆನೆಗಲ್‌ಗೆ ಆರು. ಎರಡೂ ಪಂದ್ಯ ಹೀಗೇ ಮುಗಿದರೆ ಜಪಾನ್ ಮುಂದಕ್ಕೆ.

ಕೋಚ್ ಅಕಿರಾ ನಿಶಿನೊ ಕೊನೆಯ ಹತ್ತು ನಿಮಿಷಕ್ಕೆ ಹಸೆಬೆಯನ್ನು ಒಳಗೆ ಕಳಿಸಿದರು. ಸೋಲುತ್ತಿರುವ ತಂಡ ಸಾಮಾನ್ಯವಾಗಿ ಸ್ಟ್ರೈಕರ್ ಇಳಿಸುತ್ತದೆ. ಇವರು ಇಳಿಸಿದ್ದು ಒಂದು ಸಂದೇಶವನ್ನು: ಗೋಲಿಗೆ ಹೋಗಬೇಡಿ, ಇನ್ನೊಂದು ಗೋಲು ಬಿಟ್ಟುಕೊಡಬೇಡಿ, ಕಾರ್ಡ್ ತಗೋಬೇಡಿ. ಹಸೆಬೆ ಅದನ್ನು ಹನ್ನೊಂದು ಜನಕ್ಕೆ ಮುಟ್ಟಿಸಿ, ಚೆಂಡನ್ನು ಹಿಂದೆ ಹಿಂದೆಯೇ ತಿರುಗಿಸುವಂತೆ ಮಾಡಿದರು. ಕ್ರೀಡಾಂಗಣ ಪೂರ್ತಿ ಶಿಳ್ಳೆ ಹೊಡೆದು ಅಣಕಿಸಿತು. ಜಪಾನ್ ಸೋತಿತು, ಮುಂದಿನ ಸುತ್ತಿಗೂ ಹೋಯಿತು. ಅದು ನೋಡಲು ಚಂದದ ಆಟ ಅಂತ ನಾನು ಹೇಳಲಾರೆ. ಸೆನೆಗಲ್ ಒಂದು ಗೋಲು ಹೊಡೆದಿದ್ದರೆ ಇಡೀ ದೇಶ ನಿಶಿನೊ ಮೇಲೆ ಬೀಳುತ್ತಿತ್ತು. ಆದರೆ ಇಂಥ ಸಂದೇಶ ಯಾರ ಕೈಯಲ್ಲಿ ಕಳಿಸುತ್ತೀರಿ ಅನ್ನುವುದರಲ್ಲಿ ನಾಯಕನ ಬೆಲೆ ಗೊತ್ತಾಗುತ್ತದೆ.

ಮುಂದಿನ ಸುತ್ತಿನಲ್ಲಿ ಬೆಲ್ಜಿಯಂ ವಿರುದ್ಧ 2-0 ಮುಂದಿದ್ದು, ಕೊನೆಯ ಕ್ಷಣದ ಗೋಲಿನಿಂದ 2-3ಕ್ಕೆ ಸೋತರು. ಹಸೆಬೆ ದೇಶದ ತಂಡಕ್ಕೆ ವಿದಾಯ ಹೇಳಿದರು. ವಯಸ್ಸು 34.

ಫ್ರಾಂಕ್‌ಫರ್ಟ್: ಹಿಂದೆ ಸರಿದು ಎತ್ತರಕ್ಕೆ

ಅವರ ಕ್ಲಬ್ ಆಟದ ಉತ್ತಮ ಕಾಲ ಆಗಷ್ಟೇ ಶುರುವಾಗಿತ್ತು.

2014ರಲ್ಲಿ ಅವರು ಐಂಟ್ರಾಖ್ಟ್ ಫ್ರಾಂಕ್‌ಫರ್ಟ್ ಸೇರಿದ್ದರು. 2015–16ರಲ್ಲಿ ಆ ತಂಡ ಮುಳುಗುವ ಹಂತಕ್ಕೆ ಬಂತು. ಐಪಿಎಲ್‌ನಲ್ಲಿ ಕೊನೆಯ ಸ್ಥಾನ ಬಂದರೂ ಮುಂದಿನ ವರ್ಷ ಅದೇ ತಂಡ ಆಡುತ್ತದೆ. ಜರ್ಮನಿಯಲ್ಲಿ ಹಾಗಲ್ಲ. 18 ತಂಡಗಳಲ್ಲಿ ಕೊನೆಯ ಎರಡು ನೇರ ಕೆಳಗಿನ ಡಿವಿಷನ್‌ಗೆ. 16ನೇ ತಂಡ, ಕೆಳಗಿನ ಡಿವಿಷನ್‌ನ ಮೂರನೇ ತಂಡದ ಜತೆ ಎರಡು ಪಂದ್ಯ ಆಡಿ ತನ್ನ ಜಾಗ ಉಳಿಸಿಕೊಳ್ಳಬೇಕು. ಕೆಳಗೆ ಬಿದ್ದರೆ ಟಿವಿ ದುಡ್ಡು ಹೋಗುತ್ತದೆ, ಒಳ್ಳೆ ಆಟಗಾರರೂ ಹೋಗುತ್ತಾರೆ. ಫ್ರಾಂಕ್‌ಫರ್ಟ್ 16ನೇ ಸ್ಥಾನದಲ್ಲಿತ್ತು. ಎದುರಾಳಿ ಯಾರು ಗೊತ್ತಾ? ಹಸೆಬೆ ಎರಡು ವರ್ಷದ ಹಿಂದೆ ಬಿಟ್ಟು ಬಂದಿದ್ದ ನ್ಯೂರೆಂಬರ್ಗ್. ಮೊದಲ ಪಂದ್ಯ 1-1, ಎರಡನೆಯದರಲ್ಲಿ ಫ್ರಾಂಕ್‌ಫರ್ಟ್‌ಗೆ 1-0 ಗೆಲುವು. ಕೂದಲೆಳೆಯಲ್ಲಿ ಉಳಿದರು.

ಆ ವರ್ಷದ ಮಾರ್ಚ್‌ನಲ್ಲಿ ಕೋಚ್ ಆಗಿ ಬಂದಿದ್ದವರು ನಿಕೊ ಕೊವಾಚ್. ಅವರು ಮುಂದಿನ ಸೀಸನ್‌ನಲ್ಲಿ ಹಿಂದೆ ನಾಲ್ವರ ಬದಲು ಮೂವರನ್ನು ಇಟ್ಟು ಆಡಿಸಲು ಶುರುಮಾಡಿದರು. ಆ ಮೂವರ ನಡುವೆ, 32 ದಾಟಿದ, ಎತ್ತರವೂ ಅಷ್ಟಕ್ಕಷ್ಟೇ ಇದ್ದ, ವೇಗಕ್ಕೆ ಯಾವತ್ತೂ ಹೆಸರಾಗದ ಮಿಡ್‌ಫೀಲ್ಡರ್ ಹಸೆಬೆಯನ್ನು ನಿಲ್ಲಿಸಿದರು.

ಜರ್ಮನಿಯಲ್ಲಿ ಈ ಜಾಗಕ್ಕೆ ಹಳೆಯ ಹೆಸರಿದೆ, ಲಿಬೆರೊ. ಫ್ರಾಂಜ್ ಬೆಕೆನ್‌ಬೌವರ್ ಆಡಿದ ಜಾಗ. ಆ ಕಾಲದಲ್ಲಿ ಒಬ್ಬೊಬ್ಬ ಡಿಫೆಂಡರ್ ಒಬ್ಬೊಬ್ಬ ಸ್ಟ್ರೈಕರ್‌ಗೆ ಅಂಟಿಕೊಂಡು ಓಡುತ್ತಿದ್ದ. ಲಿಬೆರೊ ಮಾತ್ರ ಯಾರಿಗೂ ಅಂಟದೆ ಅವರೆಲ್ಲರ ಹಿಂದೆ ಇರುತ್ತಿದ್ದ, ತಪ್ಪಿಸಿಕೊಂಡು ಬಂದ ಚೆಂಡನ್ನು ಹಿಡಿಯುತ್ತಿದ್ದ. ಆಮೇಲೆ ಎಲ್ಲರೂ ಒಂದೇ ಗೆರೆಯಲ್ಲಿ ನಿಂತು, ಆಳಿನ ಬದಲು ಜಾಗವನ್ನು ಕಾಯುವ ಪದ್ಧತಿ ಬಂತು. ಗೆರೆಗಿಂತ ಹಿಂದೆ ಒಬ್ಬ ಉಳಿದರೆ, ಗೆರೆ ದಾಟಿ ನಿಂತ ಎದುರಾಳಿಯನ್ನು ನಿಯಮದ ತಪ್ಪಿನಲ್ಲಿ ಸಿಕ್ಕಿಸುವ ಆಫ್‌ಸೈಡ್ ಬಲೆಯೇ ಹರಿದುಹೋಗುತ್ತದೆ. ಹೀಗೆ ಲಿಬೆರೊ ಮಾಯವಾದ. ಹಸೆಬೆ ಆಡಿದ್ದು ಹಳೆಯ ಲಿಬೆರೊ ಥರವೇ ಅಂತಲ್ಲ, ಆದರೆ ಜರ್ಮನ್ ಪತ್ರಿಕೆಗಳು ಆ ಹೆಸರನ್ನು ಖುಷಿಯಿಂದ ಮತ್ತೆ ಎತ್ತಿಕೊಂಡವು.

ವೇಗ ಇಲ್ಲದವರು ಅಲ್ಲಿ ಹೇಗೆ ಉಳಿಯುತ್ತಾರೆ? ಮೊದಲು, ಅಕ್ಕಪಕ್ಕದವರನ್ನು ನೋಡಬೇಕು. ಆ ಸೀಸನ್‌ನಲ್ಲಿ ಡೇವಿಡ್ ಅಬ್ರಹಾಂ, ಹೆಸುಸ್ ವಯೆಹೊ ಥರದ ಚುರುಕು ಡಿಫೆಂಡರ್‌ಗಳು ಪಕ್ಕದಲ್ಲಿದ್ದರು. ಸ್ಟ್ರೈಕರ್‌ಗೆ ಮೈ ತಾಗಿಸಿ ಓಡುವ ಕೆಲಸ ಅವರದು. ಹಸೆಬೆ ನಡುವೆ ಬಿಡುವಾಗಿ ಇರುತ್ತಿದ್ದರು. ಎರಡನೆಯದು, ನೋಟ. ನಡುಮೈದಾನದಲ್ಲಿ ಆಡುವವನಿಗೆ ಎದುರಾಳಿ ನಾಲ್ಕೂ ಕಡೆಯಿಂದ ಬರುತ್ತಾನೆ, ಬೆನ್ನ ಹಿಂದೆಯೂ ನೋಡುತ್ತಿರಬೇಕು. ಹಿಂದೆ ನಿಂತವನಿಗೆ ಇಡೀ ಆಟ ಕಣ್ಣ ಮುಂದೆಯೇ. ಹದಿನಾಲ್ಕು ವರ್ಷ ನಾಲ್ಕೂ ದಿಕ್ಕು ನೋಡಿ ಅಭ್ಯಾಸವಾದ ಕಣ್ಣಿಗೆ ಇದು ಸಲೀಸು. ಪಾಸ್ ಹೊರಡುವ ಮೊದಲೇ ಎಲ್ಲಿಗೆ ಅಂತ ಗೊತ್ತಾದರೆ, ಎರಡು ಹೆಜ್ಜೆ ಮುಂಚೆಯೇ ಹೊರಡಬಹುದು. ಆ ಎರಡು ಹೆಜ್ಜೆಯೇ ಅವರ ವೇಗ.

ಇನ್ನೊಂದು ಲಾಭ ಚೆಂಡು ನಮ್ಮ ಕೈಗೆ ಬಂದಾಗ ಕಾಣುತ್ತದೆ. ಎದುರಾಳಿ ಇಬ್ಬರು ಸ್ಟ್ರೈಕರ್‌ಗಳಿಂದ ಒತ್ತಡ ಹಾಕುತ್ತಾನೆ ಅಂದುಕೊಳ್ಳಿ. ಹಿಂದೆ ಮೂವರು ಇದ್ದರೆ ಒಬ್ಬರು ಯಾವಾಗಲೂ ಬಿಡುವು. ಆ ಒಬ್ಬರು ಬರೀ ಡಿಫೆಂಡರ್ ಆಗಿದ್ದರೆ ಚೆಂಡನ್ನು ಉದ್ದಕ್ಕೆ ಒದೆಯುತ್ತಾರೆ. ಅದೇ ಹಸೆಬೆ ಆಗಿದ್ದರೆ ಕಾಲಲ್ಲಿಟ್ಟುಕೊಂಡು ಹತ್ತು ಹದಿನೈದು ಮೀಟರ್ ಮುಂದೆ ನಡೆಯುತ್ತಾರೆ. ಈಗ ಎದುರಾಳಿಯ ಮಿಡ್‌ಫೀಲ್ಡರ್ ಒಬ್ಬ ತನ್ನ ಜಾಗ ಬಿಟ್ಟು ಅವರ ಮೇಲೆ ಬರಬೇಕು. ಬಂದ ಕೂಡಲೇ ಅವನು ಬಿಟ್ಟ ಜಾಗಕ್ಕೆ ಪಾಸ್. ಉರಾವಾದಲ್ಲಿ 20ರ ಹುಡುಗ ಮಾಡುತ್ತಿದ್ದ ಓಟವನ್ನೇ ನಿಧಾನವಾಗಿ, ಇನ್ನೂ ಹಿಂದಿನಿಂದ ಮಾಡಿದ ಹಾಗೆ. ಮಗಾತ್ ಕೈಯಲ್ಲಿ ಇಷ್ಟವಿಲ್ಲದೆ ಆಡಿದ ರೈಟ್ ಬ್ಯಾಕ್ ದಿನಗಳೂ ವ್ಯರ್ಥ ಆಗಿರಲಿಲ್ಲ.

ತೊಂದರೆ ಇರಲಿಲ್ಲ ಅಂತೇನಲ್ಲ. 2017ರ ಮಾರ್ಚ್‌ನಲ್ಲಿ ಬಯರ್ನ್ ಮ್ಯೂನಿಕ್ ವಿರುದ್ಧ ಗೋಲು ತಡೆಯಲು ಹೋಗಿ ಗೋಲ್‌ಪೋಸ್ಟ್‌ಗೆ ಬಡಿದುಕೊಂಡರು, ಆ ಸೀಸನ್ ಅಲ್ಲಿಗೆ ಮುಗಿಯಿತು. ಆದರೆ ಮರುವರ್ಷ ಮೇ 19ರಂದು ಬರ್ಲಿನ್‌ನಲ್ಲಿ ಅದೇ ಬಯರ್ನ್ ಎದುರು ಜರ್ಮನ್ ಕಪ್ ಫೈನಲ್. ಲೀಗಿಗೆ ಸಂಬಂಧವಿಲ್ಲದ, ಸೋತವರು ಮನೆಗೆ ಹೋಗುವ ಟೂರ್ನಿ ಅದು. ಫ್ರಾಂಕ್‌ಫರ್ಟ್ 3-1ಕ್ಕೆ ಗೆದ್ದಿತು. 1988ರ ನಂತರ ಆ ಕ್ಲಬ್‌ಗೆ ಅದು ಮೊದಲ ದೊಡ್ಡ ಕಪ್. ಅದೇ ವರ್ಷ ಏಷ್ಯಾದ ಹೊರಗೆ ಆಡುವ ಅತ್ಯುತ್ತಮ ಏಷ್ಯನ್ ಆಟಗಾರ ಪ್ರಶಸ್ತಿ ಹಸೆಬೆಗೆ ಬಂತು.

ಕೊವಾಚ್ ಬಯರ್ನ್‌ಗೆ ಹೋದರು, ಆಡಿ ಹ್ಯೂಟರ್ ಬಂದರು. ಆಮೇಲೆ ಒಲಿವರ್ ಗ್ಲಾಸ್ನರ್, ಆಮೇಲೆ ಡಿನೊ ಟಾಪ್‌ಮೊಲ್ಲರ್. ಕೋಚ್ ಬದಲಾದರೂ ಹಸೆಬೆ ಅಲ್ಲೇ. 2019ರಲ್ಲಿ ಯುರೋಪಾ ಲೀಗ್ ಸೆಮಿಫೈನಲ್ ತನಕ ಹೋಗಿ ಚೆಲ್ಸಿ ಎದುರು ಪೆನಾಲ್ಟಿಗಳಲ್ಲಿ ಸೋತರು. ಯುರೋಪಾ ಲೀಗ್ ಅಂದರೆ ಚಾಂಪಿಯನ್ಸ್ ಲೀಗ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಯುರೋಪಿಯನ್ ಟೂರ್ನಿ. ಗೆದ್ದವರಿಗೆ ಮುಂದಿನ ವರ್ಷ ಚಾಂಪಿಯನ್ಸ್ ಲೀಗ್‌ಗೆ ನೇರ ಪ್ರವೇಶ.

2020ರಲ್ಲಿ ಅವರು ದಕ್ಷಿಣ ಕೊರಿಯಾದ ಚಾ ಬುಮ್-ಕುನ್ ಅವರ 308 ಪಂದ್ಯಗಳ ಬುಂಡೆಸ್‌ಲಿಗಾ ದಾಖಲೆ ದಾಟಿದರು. ಚಾ ಕೂಡ ಫ್ರಾಂಕ್‌ಫರ್ಟ್‌ನಲ್ಲಿ ಆಡಿದ್ದವರೇ. 1980ರಲ್ಲಿ ಈ ಕ್ಲಬ್ ಯುಇಎಫ್‌ಎ ಕಪ್ ಗೆದ್ದಾಗ ತಂಡದಲ್ಲಿದ್ದರು. ಯುರೋಪಾ ಲೀಗ್‌ನ ಹಳೆಯ ಹೆಸರೇ ಅದು.

ಆ ಕಪ್ ಮತ್ತೆ ಫ್ರಾಂಕ್‌ಫರ್ಟ್‌ಗೆ ಬರಲು 42 ವರ್ಷ ಬೇಕಾಯಿತು. 2022ರಲ್ಲಿ ಬಾರ್ಸಿಲೋನಾ ತಂಡವನ್ನು ಅದರ ಮನೆಯಲ್ಲೇ 3-2ಕ್ಕೆ ಸೋಲಿಸಿ, ವೆಸ್ಟ್ ಹ್ಯಾಮ್ ದಾಟಿ, ಮೇ 18ರಂದು ಸೆವಿಲ್ಲಾದಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ವಿರುದ್ಧ ಫೈನಲ್‌ಗೆ ಬಂದರು. 38 ವರ್ಷದ ಹಸೆಬೆ ಬೆಂಚಿನಲ್ಲಿದ್ದರು. 57ನೇ ನಿಮಿಷದಲ್ಲಿ ಡಿಫೆನ್ಸ್‌ನ ನಡುವಿದ್ದ ತೂತಾ ಓಡುತ್ತಾ ಬಿದ್ದರು, ರೇಂಜರ್ಸ್‌ನ ಜೋ ಅರಿಬೊ ಗೋಲು ಹೊಡೆದರು. ತೂತಾ ಬದಲು ಹಸೆಬೆ ಇಳಿದರು. ಇನ್ನೊಂದು ಗೋಲು ಬಿಟ್ಟರೆ ಕಥೆ ಮುಗಿಯುತ್ತಿತ್ತು. ಅದು ಬೀಳಲಿಲ್ಲ. 69ರಲ್ಲಿ ಫ್ರಾಂಕ್‌ಫರ್ಟ್‌ನ ಬೊರೆ ಸಮ ಮಾಡಿದರು, ಹೆಚ್ಚುವರಿ ಸಮಯದ ಕೊನೆಗೆ ಕೀಪರ್ ಟ್ರಾಪ್ ಒಂದು ಹತ್ತಿರದ ಹೊಡೆತವನ್ನು ಕಾಲಲ್ಲಿ ತಡೆದರು, ಪೆನಾಲ್ಟಿಗಳಲ್ಲಿ 5-4. ಈ ಫೈನಲ್‌ನ ವಿಡಿಯೋ ಸಿಕ್ಕರೆ 60ನೇ ನಿಮಿಷದಿಂದ ಮುಂದೆ ಚೆಂಡನ್ನು ಬಿಟ್ಟು ಅವರನ್ನೇ ನೋಡಿ. ಕೈ ತೋರಿಸಿ ಪಕ್ಕದವರನ್ನು ಎಡಬಲಕ್ಕೆ ಸರಿಸುತ್ತಲೇ ಇರುತ್ತಾರೆ.

ಆ ಶರತ್ಕಾಲದಲ್ಲಿ ಅವರು ಚಾಂಪಿಯನ್ಸ್ ಲೀಗ್‌ನಲ್ಲೂ ಆಡಿದರು. ಹ್ಯಾರಿ ಕೇನ್, ಸನ್ ಹ್ಯೂಂಗ್-ಮಿನ್ ಇದ್ದ ಟಾಟನ್‌ಹ್ಯಾಮ್ ತಂಡವನ್ನು ಫ್ರಾಂಕ್‌ಫರ್ಟ್ 0-0ಕ್ಕೆ ಹಿಡಿದ ರಾತ್ರಿ, ಮೂವರ ನಡುವೆ ಅವರೇ ಇದ್ದರು.

2024ರ ಮೇ ತಿಂಗಳಲ್ಲಿ ಲೈಪ್‌ಜಿಗ್ ವಿರುದ್ಧ ಕೊನೆಯ ಪಂದ್ಯ ಆಡಿ ನಿವೃತ್ತರಾದ ಮೇಲೆ ಅವರು ಜಪಾನಿಗೆ ವಾಪಸ್ ಹೋಗಲಿಲ್ಲ. ಫ್ರಾಂಕ್‌ಫರ್ಟ್‌ನ 21ರೊಳಗಿನ ಹುಡುಗರ ತಂಡದಲ್ಲಿ ಕೋಚಿಂಗ್ ಶುರುಮಾಡಿದರು. ಕೆಲವೇ ತಿಂಗಳಲ್ಲಿ ಜಪಾನ್ ತಂಡದ ಮುಖ್ಯ ಕೋಚ್ ಹಜಿಮೆ ಮೊರಿಯಾಸು ಅವರನ್ನು ತಮ್ಮ ಬಳಗಕ್ಕೂ ಕರೆದರು. ಮೊರಿಯಾಸು ತಾವೇ ಒಂದು ಕಾಲದಲ್ಲಿ ಡಿಫೆನ್ಸ್ ಮುಂದೆ ನಿಂತು ಜಾಗ ಕಾಯುತ್ತಿದ್ದ ಮಿಡ್‌ಫೀಲ್ಡರ್. ಅವರ ತಂಡವೂ ಈಗ ಹಿಂದೆ ಮೂವರನ್ನಿಟ್ಟು ಆಡುತ್ತದೆ.